ಗಾಜಿನ ಪೆಟ್ಟಿಗೆಯ ಯಜಮಾನ

ಸಾಂತಾ ರುಫೀನಾ ಬಂದರು
19 ನವೆಂಬರ್ 1984

ಅರಿಸ್ತಿದೆಸ್ ಅವರಿಗೆ ಸೊರಾಯ್ದಾಳ ನಮಸ್ಕಾರಗಳು.

ನಮ್ಮೂರ ಮ್ಯೂಸಿಯಂ ನಿನ್ನೆ ತೆರೆಯಿತು. ನಿಮ್ಮ ತ್ರುಹಿಯೊ ನಗರದ ಪತ್ರಿಕೆಗಳಲ್ಲಿ ಈ ಸುದ್ದಿ ಬರಲಾರದು, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಉದ್ದೇಶವಿಲ್ಲ.

ನೀವು ಮನೆ ಬಿಟ್ಟ ವರ್ಷ ಸುರಿದ ಹುಚ್ಚುಮಳೆ ನೆನಪಿರಬೇಕು. ಮರಳುದಿಬ್ಬಗಳು ಕೊಚ್ಚಿಹೋಗಿ ಹಿಂದಿನವರ ಗೋರಿಗಳು ಬಾಯ್ತೆರೆದವು. ಹೊರಗಿನ ದಲ್ಲಾಳಿಗಳು ಲಾರಿ ತಂದು ಅದರೊಳಗಿನ ಮಡಕೆಗಳನ್ನು ಹೊತ್ತೊಯ್ಯತೊಡಗಿದಾಗ, ನಮ್ಮೂರಿನದು ನಮ್ಮೂರಲ್ಲೇ ಇರಲಿ ಎಂದು ನಾನು ಶಾಲೆ ಮುಗಿಸಿ ಮನೆಮನೆ ಅಲೆದೆ. ಜನ ಮಂಚದಡಿಯಿಂದ, ಕೋಳಿಗೂಡಿನಿಂದ ತೆಗೆತೆಗೆದು ಕೊಟ್ಟರು. ಮೇಯರ್ ಹಳೆಯ ಅಕ್ಕಿ ಗೋದಾಮು ಬಿಟ್ಟುಕೊಟ್ಟರು. ಉದ್ಘಾಟನೆ ಕಳೆಗಟ್ಟದಿದ್ದರೆ ಗೋದಾಮು ಮತ್ತೆ ಅಕ್ಕಿ ವ್ಯಾಪಾರಿಗಳ ಪಾಲು ಎಂದೂ ಹೇಳಿದರು.

ಎಲ್ಲಕ್ಕಿಂತ ಚೆಂದದ್ದು ಮೀನು ಮಾರುವ ಎರ್ಮೆಲಿಂಡಾ ಕೊಟ್ಟದ್ದು. ಗಂಡಸಿನ ಮುಖದ ಮಡಕೆ, ಸಾವಿರ ವರ್ಷಕ್ಕೂ ಹಳೆಯದು. ಆಮಂತ್ರಣದ ಮೇಲೂ ಅದರದೇ ಚಿತ್ರ. ಕೊಟ್ಟ ಮರುದಿನದಿಂದ ಆಕೆ ದಿನವೂ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲತೊಡಗಿದಳು. ಮೊನ್ನೆ ಬಾಯಿಬಿಟ್ಟಳು.

"ವಾಪಸ್ ಕೊಡಿ ಟೀಚರಮ್ಮ. ನಮ್ಮೋನು ಸಮುದ್ರಕ್ಕೆ ಹೋದೋನು ಬರ್ಲೇ ಇಲ್ಲ. ಅವತ್ತಿಂದ ಇವನ ಹತ್ರಾನೇ ನನ್ನ ಮಾತೆಲ್ಲ. ಎಷ್ಟು ಬೈದ್ರೂ ತಿರುಗಿ ಮಾತಾಡದ ಗಂಡ್ಸು ಇವನೊಬ್ನೇ!"

ನಕ್ಕಳು. ನಾನೂ ನಕ್ಕೆ. ಆಮೇಲೆ ಆಕೆ ಶಾಲಿನ ತುದಿಯಿಂದ ಮೂಗೊರೆಸಿಕೊಂಡಳು.

ಒಮ್ಮೆ ಕೊಟ್ಟದ್ದನ್ನು ಮರಳಿಸುವಂತಿಲ್ಲ ಎನ್ನಬೇಕಿತ್ತು. ಆಗಲಿಲ್ಲ. ಬಟ್ಟೆಯಲ್ಲಿ ಸುತ್ತಿ ಆಕೆಯ ಕೈಗಿಟ್ಟೆ.

ನಿನ್ನೆ ಬ್ಯಾಂಡಿನವರು, ಶಾಲೆಯ ಮಕ್ಕಳು, ಪಾದ್ರಿಗಳು ಎಲ್ಲ ಸೇರಿದ್ದರು. ಬಾಗಿಲಲ್ಲೇ ನಿಂತು ಒಳಗೆ ಇಣುಕಿದ ಮೇಯರ್ ಕೆಂಪಾದರು.

"ಏನ್ರೀ ಟೀಚರ್, ಖಾಲಿ ಪೆಟ್ಟಿಗೆ ತೋರಿಸೋಕೆ ಇಷ್ಟು ಜನಾನ ಕರೆಸಿದ್ರಾ?"

ಅಷ್ಟರಲ್ಲಿ ಎರ್ಮೆಲಿಂಡಾ, ಮಗುವನ್ನೆತ್ತಿಕೊಂಡಂತೆ ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡು, ಜನರನ್ನು ಮೊಣಕೈಯಿಂದ ಸರಿಸುತ್ತ ಬಂದಳು.

"ದಾರಿ ಬಿಡಿ ಸಾಹೇಬ್ರೇ, ನಮ್ಮ ಯಜಮಾನ್ರು ಬಂದವ್ರೆ! ಬೆಳಿಗ್ಗೆ ಮೀನು ಮಾರೋಕೆ ಹೋಗ್ತಾ ಇಲ್ಲಿ ಬಿಟ್ಟು ಹೋಗ್ತೀನಿ, ಸಂಜೆ ಕರ್ಕೊಂಡು ಹೋಗ್ತೀನಿ. ಗಂಡಸಾದೋನು ಹಗಲೊತ್ತು ಮನೇಲಿ ಕೂತಿದ್ರೆ ಚೆಂದಾನಾ?"

ಜನ ಹೋ ಎಂದರು. ಮೇಯರ್ ಕೂಡ ನಗು ತಡೆಯಲಾರದೆ ರಿಬ್ಬನ್ ಕತ್ತರಿಸಿದರು. ಗೋದಾಮು ನಮಗೇ ಉಳಿಯಿತು.

ಸಂಜೆ ಆಕೆ ತನ್ನ ಯಜಮಾನನನ್ನು ಕರೆದುಕೊಂಡು ಹೋದಳು. ಎಲ್ಲರೆದುರು ಎಷ್ಟು ಬೀಗುತ್ತಿದ್ದೆಯಲ್ಲ ಎಂದು ದಾರಿಯುದ್ದಕ್ಕೂ ಅವನನ್ನು ಬೈಯುತ್ತಿದ್ದುದು ನನಗೆ ಕೇಳಿಸುತ್ತಿತ್ತು. ನಾನು ಬೀಗ ಹಾಕಿದೆ. ಮತ್ತೆ ತೆಗೆದು, ಮಕ್ಕಳು ಬಿಟ್ಟುಹೋದ ಕಾಗದದ ಬಾವುಟಗಳನ್ನು ಒಂದೊಂದಾಗಿ ಆಯ್ದೆ. ಮನೆಗೆ ಹೋಗುವ ಆತುರವೇನೂ ಇರಲಿಲ್ಲ.

ಇಲ್ಲಿ ಎಲ್ಲವೂ ಚೆನ್ನಾಗಿದೆ. ನನ್ನ ಚಿಂತೆ ಬೇಡ.

ಇತಿ,
ಸೊರಾಯ್ದಾ

ಮರೆತಿದ್ದೆ: ನೀವೇಕೆ ಬರಲಿಲ್ಲವೆಂದು ನಿನ್ನೆ ಎಲ್ಲರೂ ಕೇಳಿದರು. ಕೆಮ್ಮು ಹೆಚ್ಚಾಗಿದೆ, ವಾಸಿಯಾದೊಡನೆ ಬರುತ್ತಾರೆ ಎಂದುಬಿಟ್ಟೆ. ನಾವು ಬೇರೆಯಾದದ್ದನ್ನು ನಾನಿನ್ನೂ ಊರಿಗೆ ಹೇಳಿಲ್ಲ; ನೀವು ಕೆಲಸಕ್ಕೆಂದು ಅಲ್ಲಿದ್ದೀರಿ ಎಂದೇ ಎಲ್ಲರೂ ನಂಬಿದ್ದಾರೆ. ಪಕ್ಕದ ಮನೆಯ ತೆಯೊಫಿಲಾ ಮುಂದಿನ ವಾರ ತ್ರುಹಿಯೊಗೆ ಬರುವವಳಿದ್ದಾಳೆ. ಎಲ್ಲಾದರೂ ಎದುರಾದರೆ, ದಯವಿಟ್ಟು ಸ್ವಲ್ಪ ಕೆಮ್ಮಿ.