ನನ್ನ ಪಾಳಿ ಬಂದ ರವಿವಾರ

ಸಯನ್, ಮುಂಬಯಿ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಭುವನೇಶ್ವರಿಯ ಶರಣು.

ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆಯನ್ನು ದಿನಾ ತಗೊಳ್ಳುತ್ತೀರೋ, ಇಲ್ಲಾ ತಲೆದಿಂಬಿನ ಕೆಳಗೆ ಇಟ್ಟು ಶೆಟ್ಟೆಪ್ಪ ಮಾವನಿಗೆ ತಗೊಂಡೆ ಅನ್ನುತ್ತೀರೋ? ನಿಮ್ಮ ತಮ್ಮ ಭೋಳೆ ಮನುಷ್ಯ, ನಂಬುತ್ತಾರೆ. ಹದಿನೆಂಟು ವರ್ಷ ನಿಮ್ಮ ಜೊತೆ ಬಾಳಿದ ನಾನು ನಂಬುವುದಿಲ್ಲ. ವಿಜಯಪುರದಲ್ಲಿ ಈ ಸಲ ಸೆಕೆ ಇನ್ನೂ ಇಳಿದಿಲ್ಲವೆಂದು ಕೇಳಿದೆ. ಮಧ್ಯಾಹ್ನ ಹೊರಗೆ ಹೋಗಬೇಡಿರಿ. ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡಿರಿ. ಫೋನಿನಲ್ಲಿ ನಮ್ಮ ಮಾತು ಹೇಗಿರುತ್ತದೆ ನಿಮಗೇ ಗೊತ್ತು. ನೀವು ‘ಭುವನಾ’ ಅನ್ನುತ್ತೀರಿ, ನಾನು ‘ಅತ್ತೆ’ ಅನ್ನುತ್ತೇನೆ, ಆಮೇಲೆ ಇಬ್ಬರೂ ಅಳುತ್ತೇವೆ, ಕಡೆಗೆ ಶೆಟ್ಟೆಪ್ಪ ಮಾವ ಫೋನ್ ಕಸಿದುಕೊಂಡು “ಆತು ಬಿಡವಾ, ನಾಳಿಗಿ ಮಾತಾಡೂಣು” ಅನ್ನುತ್ತಾರೆ. ಈ ಮೂರು ತಿಂಗಳಲ್ಲಿ ಆ ನಾಳೆ ಬರಲಿಲ್ಲ. ನೀವು ಕನ್ನಡ ಏಳನೆಯ ಇಯತ್ತೆ ಪಾಸಾದವರು, ಕಾಗದ ನೀವೇ ಓದಿರಿ. ಬೇರೆಯವರಿಂದ ಓದಿಸಬೇಡಿರಿ.

ಇಲ್ಲಿ ನಿಮ್ಮ ಮೊಮ್ಮಗಳು ರೂಪಾಲಿ ಆರಾಮ ಇದ್ದಾಳೆ ಎಂದು ಬರೆಯಬೇಕು, ಬರೆದಿದ್ದೇನೆ. ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ, ಅಪ್ಪನ ಚಪ್ಪಲಿಯನ್ನು ಬಾಗಿಲಿನಿಂದ ತೆಗೆಯಲು ಬಿಡುವುದಿಲ್ಲ. ಪಕ್ಕದ ಮನೆಯ ಸುಂದ್ರವ್ವ ಅದನ್ನು ನೋಡಿ ಏನೋ ಅನ್ನಲು ಬಂದಿದ್ದಳು, ನಾನು ಅವಳ ಮುಖ ನೋಡಿದ ರೀತಿಗೆ ತಿರುಗಿ ಹೋದಳು. ಗ್ರಾಂಟ್ ರೋಡಿನ ಲಾಡ್ಜಿನ ಮಾಲೀಕ ಶೇಟರು ನಿಮ್ಮ ಮಗನ ಸಾಮಾನು ಕಳಿಸಿದರು. ಒಂದು ಅಂಗಿ, ಓದುವ ಚಷ್ಮಾ, ಅರ್ಧ ಡಬ್ಬಿ ಕಡಲೆಹಿಟ್ಟಿನ ಉಂಡಿ. ಹದಿನಾಲ್ಕು ವರ್ಷ ಕೌಂಟರಿನಲ್ಲಿ ಕೂತ ಮನುಷ್ಯನ ಸಾಮಾನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿಸಿತು. ಉಂಡಿ ನೀವು ಕಟ್ಟಿದ್ದು, ಹುಳ ಆಗಿತ್ತು. ಬಿಸಾಡಲು ನನ್ನಿಂದ ಆಗಲಿಲ್ಲ, ರೂಪಾಲಿಯೇ ಬಿಸಾಡಿದಳು.

ಹೋದ ವಾರ ನೀವು ರೂಪಾಲಿಯ ಹತ್ತಿರ “ನಿಮ್ಮವ್ವಗ ಹೇಳು, ಸಾಲಿ ಬಿಡಬ್ಯಾಡ ಅಂತ. ಅಂವಾ ಆಶಾ ಪಟ್ಟು ಫಾರಂ ತುಂಬ್ಯಾನ” ಅಂದಿರಂತೆ. ಅತ್ತೆ, ನಾನು ಸಾಲಿ ಬಿಟ್ಟಿಲ್ಲ, ಆದರೆ ಬಿಟ್ಟ ಹಾಗೆಯೇ ಇದೆ. ರವಿವಾರ ಹತ್ತಕ್ಕೆ ಆನ್‌ಲೈನ್ ಕ್ಲಾಸಿಗೆ ಫೋನ್ ಹಚ್ಚಿ ಕೂಡುತ್ತೇನೆ. ಪಾಠ ಮುಗಿದ ಮೇಲೆ ಚರ್ಚೆ ಇರುತ್ತದಲ್ಲ, ಒಬ್ಬೊಬ್ಬರೂ ಮೂರು ನಿಮಿಷ ಮಾತಾಡಬೇಕು, ಅದಕ್ಕೆ ಇಪ್ಪತ್ತು ಮಾರ್ಕು. ಸ್ನೇಹಲ್ ಮೇಡಂ ನನ್ನ ಹೆಸರು ಕರೆಯುತ್ತಾರೆ. ಮೈಕಿನ ಮೇಲೆ ಬೆರಳು ಇಡುತ್ತೇನೆ, ಒತ್ತಲು ಆಗುವುದಿಲ್ಲ. ಪಾಪ, ಅವರು ಸ್ವಲ್ಪ ಕಾದು ಮುಂದಿನವರನ್ನು ಕರೆಯುತ್ತಾರೆ. ಇವತ್ತು ಕ್ಲಾಸು ಮುಗಿದ ಮೇಲೆ ತಾವಾಗಿ ಫೋನ್ ಮಾಡಿ, ದುಃಖ ತಿಳಿಯುತ್ತದೆ, ಆದರೆ ಬರುವ ರವಿವಾರವೂ ಮಾತಾಡದಿದ್ದರೆ ವರ್ಷ ಹೋಗುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂದರು. ಅವರು ತಿಳಿದ ದುಃಖವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಮಾತು ಬಾರದವಳೇ ನಾನು? ನಮ್ಮ ಬಿಲ್ಡಿಂಗಿನಲ್ಲಿ ನೀರಿನ ಜಗಳ ಬಂದರೆ ಮೂರು ಮಜಲೆಯವರೂ ನನ್ನನ್ನೇ ಮುಂದೆ ಮಾಡುತ್ತಿದ್ದರು. ಆದರೆ ಆ ಫೋನಿನೊಳಗೆ ನಲವತ್ತು ಜನರ ಮುಖ ಕಂಡ ಕೂಡಲೇ ನಾಲಿಗೆ ಒಣಗುತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ದಾರಿ ನಿಮಗೆ ನೆನಪಿದೆಯಲ್ಲ. ಏನು ಹೇಳುವುದಿದ್ದರೂ “ಹಮಾರೇ ಯೇ ಕೆಹತೇ ಹೈ” ಎಂದು ಶುರು ಮಾಡುತ್ತಿದ್ದೆ, ನಮ್ಮ ಮನೆಯವರು ಹೀಗನ್ನುತ್ತಾರೆ ಎಂದು. ಹೆಣ್ಣುಮಕ್ಕಳ ಆಸ್ತಿಯ ಬಗ್ಗೆ ನಮ್ಮ ಮನೆಯವರು ಹೀಗನ್ನುತ್ತಾರೆ, ಜಾತಿಯ ಬಗ್ಗೆ ಹಾಗನ್ನುತ್ತಾರೆ. ನೀವು ಹಿಂದೆ ಬಳ್ಳೊಳ್ಳಿ ಸುಲಿಯುತ್ತಾ ಕೂತವರು, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಿರಿ. “ನನ್ನ ಮಗಾ ಇಷ್ಟ ಶಾಣ್ಯಾ ಯಾವಾಗ ಆದಾ?” ಅಂದಿರಿ ಒಮ್ಮೆ. ಇವರೋ, “ಏ, ನಾ ಹಂಗ ಅಂದೇ ಇಲ್ಲ. ನಾಳಿಗಿ ಯಾರರೆ ಕೇಳಿದ್ರ ಏನ್ ಹೇಳ್ಲಿ?” ಎಂದು ಗಾಬರಿಯಾಗುತ್ತಿದ್ದರು. ಕ್ಲಾಸಿನ ಹೆಣ್ಣುಮಕ್ಕಳೆಲ್ಲ ಇಂಥ ಗಂಡ ಸಿಗಬೇಕು ಅನ್ನುತ್ತಿದ್ದರು. ಸಿಕ್ಕಿದ್ದರು ಅತ್ತೆ, ನಿಜವಾಗಿಯೂ ಸಿಕ್ಕಿದ್ದರು. ಆಸ್ತಿ, ಜಾತಿಯ ಬಗ್ಗೆ ಒಂದು ಮಾತೂ ಆಡದೆ ಲಾಡ್ಜಿನಿಂದ ಬಂದು ನನಗಾಗಿ ಚಹಾ ಮಾಡುತ್ತಿದ್ದರು.

ಕಡೆಗೆ ಮೇಡಂ ಒಂದು ದಿನ ನಗುತ್ತಲೇ ಹಿಡಿದರು. ಮನೆಯವರು ಅಂದದ್ದು ಸಾಕು, ಬರುವ ವಾರ ನೀವು ಏನನ್ನುತ್ತೀರಿ ಅದನ್ನು ಹೇಳಿರಿ ಅಂದರು. ಮನೆಗೆಲಸಕ್ಕೆ ಬೆಲೆ ಕಟ್ಟಬೇಕೋ ಬೇಡವೋ ಎಂಬುದು ವಿಷಯ. ಇವರಿಗೆ ಎಷ್ಟು ಖುಷಿ! “ನನ್ನ ಹೆಸರ ತಗೀಬ್ಯಾಡ ಈ ಸಲ. ನಾ ಮನ್ಯಾಗ ಕುಂತ ಕೇಳ್ತೇನಿ” ಅಂದರು. ಅದು ಜೂನ್ ಎಂಟನೆಯ ತಾರೀಖು, ಮುಲುಂಡಿನಲ್ಲಿ ಶಿವಕುಮಾರಿಯ ಕೂಸಿಗೆ ತೊಟ್ಟಿಲು ಹಾಕಿದ ದಿನ. ತಂಗಿಯ ಮನೆಯ ಕಾರ್ಯವಾದರೂ ಇವರು ಬರಲಿಲ್ಲ, ತೊಟ್ಟಿಲು ಹೆಣ್ಣುಮಕ್ಕಳ ಕೆಲಸ ಎಂದು ನೆಪ ಹೇಳಿದರು. ನೀವು ರೂಪಾಲಿಯನ್ನು ಕರೆದುಕೊಂಡು ಎಂಟರ ಲೋಕಲ್‌ಗೆ ಹೋದಿರಿ.

ಇವರು ಹೋದ ಆ ದಿನದಿಂದ ನಿಮ್ಮ ಬಾಯಲ್ಲಿ ಒಂದೇ ಮಾತು. “ಮುಂಜಾನೆ ಅವನ ಮಾರಿ ಬಾಡಿತ್ತು. ನಾ ನೋಡಿನೂ ಹ್ವಾದೆ. ನಾ ಇದ್ದಿದ್ರ ನನ್ನ ಮಗಾ ಉಳೀತಿದ್ದ.” ಹಣೆ ಬಡಿದುಕೊಂಡಿರಿ, ಸಿಹಿ ಬಿಟ್ಟಿರಿ, ಈ ಮನೆ ಬಿಟ್ಟಿರಿ. ಎಲ್ಲಕ್ಕಿಂತ ಹೆಚ್ಚು, ಆ ಕೂಸನ್ನು ಇವತ್ತಿನವರೆಗೆ ಎತ್ತಿಕೊಂಡಿಲ್ಲ. ಶಿವಕುಮಾರಿ ಹೋದ ಗುರುವಾರ ಬಂದು ನನ್ನ ಮುಂದೆ ಅತ್ತಳು. “ವೈನಿ, ಫೋನ್‌ದಾಗ ನನ್ನ ಮಗಳ ಮಾರಿ ತೋರ್ಸಿದ್ರ ಅವ್ವ ಆಕಡೆ ತಿರಗ್ತಾಳ. ಅಣ್ಣನ್ನ ನನ್ನ ಕೂಸ ತಿಂತೇನು?” ಅಂದಳು. ಅಣ್ಣ ಸತ್ತ ತಂಗಿ, ಬಾಣಂತನದಲ್ಲಿ ತಾಯಿಯೂ ಇಲ್ಲದ ಹಾಗಾಗಿದೆ ಅವಳಿಗೆ. ನಾನು ಅವಳ ತಲೆ ನೇವರಿಸಿದೆ, ಚಹಾ ಕೊಟ್ಟೆ. ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು, ಬಿಡಲೇ ಇಲ್ಲ. ಅವರು ಹೋದ ಮೇಲೆ ನನಗೆ ಊಟ ಇಳಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಬುದ್ಧಿ ಬಂದಿದ್ದರೂ ಬಾಯಿ ಬಂದಿರಲಿಲ್ಲ.

ಶೆಟ್ಟೆಪ್ಪ ಮಾವನಿಗೆ, ಮನೆಯ ಎಲ್ಲರಿಗೂ ಶರಣು ಹೇಳಿರಿ. ಗುಳಿಗೆ ತಗೊಳ್ಳಿರಿ. ನಿಮ್ಮ ಆಶೀರ್ವಾದ ಬೇಡುವ ಧೈರ್ಯ ನನಗಿಲ್ಲ, ರೂಪಾಲಿಯ ಮೇಲೆ ಮಾತ್ರ ಇರಲಿ.

ನಿಮ್ಮ ಸೊಸೆ,
ಭುವನೇಶ್ವರಿ

ತಾ.ಕ.: ಎರಡು ತಾಸು ಕೂತು ಇಷ್ಟು ಬರೆದೆ, ಬರೆಯಬೇಕಾದದ್ದನ್ನು ಬರೆದಿಲ್ಲ. ರೂಪಾಲಿ ಬರುವುದರೊಳಗೆ ಪಾಕೀಟು ಅಂಟಿಸಬೇಕು. ಅತ್ತೆ, ಇವರು ಚಹಾ ಕುಡಿದು ಮಲಗಿದವರು ಏಳಲೇ ಇಲ್ಲ ಎಂದು ನಾನು ನಿಮಗೂ ಎಲ್ಲರಿಗೂ ಹೇಳಿದ್ದು ಸುಳ್ಳು. ಮಲಗಿದ್ದರು, ಆದರೆ ಎದ್ದು ಬಂದಿದ್ದರು. ಮೇಡಂ ಆಗಷ್ಟೇ ನನ್ನ ಹೆಸರು ಕರೆದಿದ್ದರು. ಇವರು ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತರು, ಒಂದು ಕೈ ಎದೆಯ ಮೇಲಿತ್ತು. ‘ಭುವನಾ’ ಅಂದರು. ನನ್ನ ಕಿವಿಯಲ್ಲಿ ಇಯರ್‌ಫೋನ್ ಇತ್ತು, ತುಟಿ ನೋಡಿ ತಿಳಿಯಿತು. ನಾನು ಕೈ ಎತ್ತಿ ತಡೆಯಿರಿ ಎಂದು ಸನ್ನೆ ಮಾಡಿದೆ. ಇವರು ತಲೆಯಾಡಿಸಿದರು, ಮಾತಾಡು ಎಂದು ತಾವೂ ಸನ್ನೆ ಮಾಡಿದರು, ತಿರುಗಿ ಹೋದರು. ನಾನು ಮಾತಾಡಿದೆ. ಮೂರು ನಿಮಿಷ ಕೊಟ್ಟಿದ್ದರು, ಹನ್ನೊಂದು ನಿಮಿಷ ಮಾತಾಡಿದೆ. ಮೇಡಂ ತಡೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಅದನ್ನು ಹೇಳಲೆಂದೇ ನಾನು ನಗುತ್ತಾ ಹೊರಗೆ ಓಡಿದೆ. ಇವರು ಗೋಡೆಗೆ ಒರಗಿ ಕೂತಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಆ ಹನ್ನೊಂದು ನಿಮಿಷ ಮೊದಲೇ ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದರೋ ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಈಗಲೂ ಕೇಳಲಾರೆ. ಮುಲುಂಡಿಗೆ ಹೋದ ನಿಮ್ಮದು ತಪ್ಪಲ್ಲ. ಇವರು ಕರೆದಾಗ ಮನೆಯಲ್ಲಿದ್ದವಳು ನಾನು. ರೂಪಾಲಿಗೂ ಇನ್ನೂ ಹೇಳಿಲ್ಲ, ಮೊದಲು ನಿಮಗೆ ಹೇಳಬೇಕಾಗಿತ್ತು. ನನ್ನ ಸಾಲಿಯ ಮಾತು ಬಿಡಿರಿ. ಶಿವಕುಮಾರಿಯ ಕೂಸನ್ನು ಎತ್ತಿಕೊಳ್ಳಿರಿ ಅತ್ತೆ. ನನ್ನ ಮುಖ ನೋಡುವುದು ಬೇಡ ಅನಿಸಿದರೆ ಸಯನ್‌ಗೆ ಬರಬೇಡಿರಿ, ರೈಲಿನಿಂದ ಥಾಣೆಯಲ್ಲೇ ಇಳಿದು ಸೀದಾ ಮುಲುಂಡಿಗೆ ಹೋಗಿರಿ. ಸ್ಟೇಷನ್ನಿಗೆ ರೂಪಾಲಿಯನ್ನು ಕಳಿಸುತ್ತೇನೆ. ನಾನು ಬರುವುದಿಲ್ಲ.