ಯಾರ್ಕ್‌ಷೈರ್ ಪುಡ್ಡಿಂಗ್ ಉಬ್ಬಬೇಕಾದರೆ

ಅಬುಧಾಬಿ
೧೭ ನವೆಂಬರ್ ೨೦೨೫

ಪ್ರೀತಿಯ ರೊಸಲಿನ್,

ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಈ ಕಾಗದ. ನಮ್ಮ ಡಿಕ್ಸನ್‌ನ ಹೆಂಡತಿ ಲೀಡ್ಸಿನ ನಿನ್ನ ಆಸ್ಪತ್ರೆಗೇ ನರ್ಸಾಗಿ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ವಾರ ಮಗಳನ್ನು ನೋಡಲು ದುಬೈಯ ಅಲ್ ಬರ್ಷಾಕ್ಕೆ ಹೋಗಿದ್ದೆ. ನೀನು ಕ್ರಿಸ್ಮಸ್ಸಿಗೆ ವಾರ್ಡಿನವರನ್ನು ಊಟಕ್ಕೆ ಕರೆದಿದ್ದೀಯಂತೆ. ಬೀಫ್ ರೋಸ್ಟ್ ಚೆನ್ನಾಗಿ ಬರುತ್ತದೆ, ಜೊತೆಗಿಡುವ ಯಾರ್ಕ್‌ಷೈರ್ ಪುಡ್ಡಿಂಗ್ ಮಾತ್ರ ಮೂರು ಸಲ ಮಾಡಿದರೂ ಉಬ್ಬಲಿಲ್ಲವಂತೆ. “ಮಮ್ಮಿ ಯೂಟ್ಯೂಬ್ ನೋಡ್ತಾರೆ, ನಿಮ್ಮತ್ರ ಕೇಳುದಿಲ್ಲ ಪಪ್ಪ,” ಎಂದು ಸ್ಟೇಸಿ ನಕ್ಕಳು. ನನಗೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷ ಇಲ್ಲಿಯ ಹೋಟೆಲಿನ ಅಡುಗೆಮನೆಯಲ್ಲಿ ನಾನು ಮಾಡಿದ್ದು ಅದನ್ನೇ. ಮನೆಗೆ ತಂದರೆ ನೀನು ‘ಒಳಗೆ ಏನೂ ಇಲ್ಲದ ಬನ್’ ಎನ್ನುತ್ತಿದ್ದೆ, ಆದರೂ ಮೀನು ಸಾರಿನಲ್ಲಿ ಅದ್ದಿ ಎರಡು ತಿನ್ನುತ್ತಿದ್ದೆ.

ಕೇಳು. ಮೊಟ್ಟೆ, ಮೈದಾ, ಹಾಲು, ಮೂರೂ ಒಂದೇ ಲೋಟದಲ್ಲಿ ಸಮಸಮ. ಚಿಟಿಕೆ ಉಪ್ಪು. ಗಂಟಿಲ್ಲದಂತೆ ಕದಡಿ ಒಂದು ಗಂಟೆ ಸುಮ್ಮನೆ ಬಿಡು. ನೀನು ಬಿಡುವುದಿಲ್ಲ, ನನಗೆ ಗೊತ್ತು. ಅಚ್ಚಿನ ಪ್ರತಿ ಗುಳಿಗೂ ಒಂದೊಂದು ಚಮಚ ಬೀಫಿನ ಕೊಬ್ಬು ಹಾಕಿ, ಹೊಗೆ ಬರುವವರೆಗೆ ಓವನ್ನಿನಲ್ಲಿಡು. ಹಿಟ್ಟು ಹೊಯ್ದಾಗ ಚುಯ್ ಎನ್ನಬೇಕು. ಆಮೇಲೆ ಇಪ್ಪತ್ತು ನಿಮಿಷ ಬಾಗಿಲು ತೆರೆಯಬೇಡ.

ಹೀಗೆ ಬರೆಯುವ ನಾನೇ ನಿನ್ನೆ ತೆರೆದೆ. ಭಾನುವಾರದ ಊಟಕ್ಕೆ ನಲವತ್ತೆಂಟು ಪುಡ್ಡಿಂಗ್ ಒಳಗಿದ್ದವು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಲೀಡ್ಸಿನಲ್ಲಿ ನಿನ್ನ ರಾತ್ರಿ ಪಾಳಿ ಮುಗಿಯುವ ಹೊತ್ತು. ನೀನೇ ಎಂದುಕೊಂಡು, ಬೇಗ ಮುಗಿಸಿ ಮಾತಾಡೋಣವೆಂದು ಬೆಂದಿದೆಯೋ ಎಂದು ಇಣುಕಿದೆ. ನಲವತ್ತೆಂಟೂ ಕಣ್ಣೆದುರೇ ಕುಸಿದವು. ಫೋನ್ ಮಾಡಿದ್ದು ಯಾವುದೋ ಬ್ಯಾಂಕಿನವರು. “ಏನಾಯ್ತು ಆನ್ಸೆಲ್ಮ್‌ಬಾಬ್, ನಿಮ್ಮದು ಇವತ್ತಿನವರೆಗೆ ಬಿದ್ದದ್ದಿಲ್ವಲ್ಲ?” ಎಂದು ಜೊತೆಗಿದ್ದ ರೋಷನ್ ಕೇಳಿದ. ಓವನ್ನಿನ ಬಿಸಿ ಸರಿಯಿಲ್ಲ ಎಂದೆ. ಮತ್ತೆ ಹಿಟ್ಟು ಕಲಸಿದೆವು, ಅತಿಥಿಗಳು ಮುಕ್ಕಾಲು ಗಂಟೆ ಕಾದರು.

ಆ ಮುಕ್ಕಾಲು ಗಂಟೆ ನೀನು ಹೊರಟ ದಿನವನ್ನು ಬಿಟ್ಟು ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಎರಡು ವರ್ಷದ ಹಿಂದೆ ನೀನು ಹೊರಟಾಗ, ಅಲ್ಲಿಗೆ ಬಂದು ಯಾರ ಪಾತ್ರೆ ತೊಳೆಯಲಿ ಎಂದು ನಾನು ಕೇಳಿದೆ. ಏರ್‌ಪೋರ್ಟಿನಲ್ಲಿ ಕಾರಿನಿಂದ ಇಳಿಯಲೂ ಇಲ್ಲ. ನೀನು ಎರಡು ಪೆಟ್ಟಿಗೆಗಳನ್ನೂ ಒಬ್ಬಳೇ ಎತ್ತಿಕೊಂಡೆ. ನನಗಿದ್ದದ್ದು ಅಭಿಮಾನವಲ್ಲ ರೊಸಲಿನ್, ಹೆದರಿಕೆ. ಐವತ್ತೆರಡನೆಯ ವಯಸ್ಸಿನಲ್ಲಿ ಕೆಲಸವಿಲ್ಲದ ಗಂಡನಾಗಿ ನಿನ್ನ ಮನೆಯಲ್ಲಿ ಕೂರುವ ಹೆದರಿಕೆ. ಆ ಮಾತು ಬಾಯಿಗೆ ಬರಲಿಲ್ಲ, ಸಿಟ್ಟು ಬಂತು.

ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲ್ಯಾಟ್ ಬಿಟ್ಟು ಹಿಂದಿನ ಗಲ್ಲಿಯಲ್ಲಿ, ಹಲವರಿರುವ ಕೋಣೆಯಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದಿದ್ದೇನೆ. ಇಷ್ಟು ದಿನ ನಿನಗೆ ಹೇಳಿರಲಿಲ್ಲ. ಅಲ್ಲಿ ಓವನ್ ಇಲ್ಲ. ಇದ್ದರೂ ಒಬ್ಬನಿಗಾಗಿ ಯಾರು ಹಚ್ಚುತ್ತಾರೆ?

ಕ್ರಿಸ್ಮಸ್ಸಿಗೆ ಮೊದಲು ಒಮ್ಮೆ ಮಾಡಿ ನೋಡು. ಉಬ್ಬಿದರೆ ಒಂದು ಫೋಟೋ ಕಳಿಸು. ಉಬ್ಬದಿದ್ದರೂ ಕಳಿಸು.

ನಿನ್ನವನೇ,
ಆನ್ಸೆಲ್ಮ್

ತಾ.ಕ.: ಈ ಕವರಿನಲ್ಲಿ ನನ್ನ ಪಾಸ್‌ಪೋರ್ಟಿನ ಪ್ರತಿ ಇದೆ. ನನ್ನನ್ನೂ ಕರೆಸಿಕೊಳ್ಳುವ ವೀಸಾಕ್ಕೆಂದು ನೀನು ಅಂದು ಕೇಳಿದ್ದೆ, ನಾನು ಕೊಟ್ಟಿರಲಿಲ್ಲ. ಹಳೆಯ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು, ಕಳೆದ ತಿಂಗಳು ಹೊಸದು ಮಾಡಿಸಿದೆ. ಹೆಂಡತಿಯ ಹೆಸರು ಹಾಗೆಯೇ ಇರಲಾ, ಬದಲಾವಣೆ ಉಂಟಾ ಎಂದು ಕೌಂಟರಿನ ಹುಡುಗಿ ಕೇಳಿದಳು. ಹಾಗೆಯೇ ಇರಲಿ ಎಂದೆ. ಇನ್ನು ನೀನು ಹೇಳಬೇಕು.