ಅಧ್ಯಕ್ಷರ ಕುರ್ಚಿಯಲ್ಲಿ ನಿನ್ನ ಕೋಟು

ಮನೆ, ಅಡುಗೆಮನೆಯ ಮೇಜು
ನವೆಂಬರ್ ೮, ಭಾನುವಾರ

ಪ್ರೀತಿಯ ತಮ್ಮಾ,

ನಿನ್ನೆ ಬೆಳಿಗ್ಗೆ ನಡೆದ ಸಭೆಯಲ್ಲಿ ನಿನ್ನ ಕಂದು ಕೋಟು ನಮ್ಮ ವೃದ್ಧರ ಮನೆಯ ಅಧ್ಯಕ್ಷ ಸ್ಥಾನಕ್ಕೆ ಅವಿರೋಧವಾಗಿ ಆಯ್ಕೆಯಾಗಿದೆ. ಸುದ್ದಿ ತಂದವರು ಔಷಧದಂಗಡಿಯ ಮಾತ್ರೆ ಮಾಮ. ಅಂಗಡಿಯ ಬಾಗಿಲು ಅರ್ಧ ಎಳೆದು ನೇರ ನಮ್ಮ ಮನೆಗೆ ಬಂದು, ಏದುಸಿರು ಬಿಡುತ್ತಲೇ "ಸಿಹಿ ಕೊಡಮ್ಮಾ, ನಿನ್ನ ತಮ್ಮ ಅಧ್ಯಕ್ಷ ಆದ" ಎಂದರು. ನೀನು ಹೇಳದೆ ಕೇಳದೆ ಬಂದುಬಿಟ್ಟೆಯೇನೋ ಎಂದು ನಾನು ಅವರ ಹೆಗಲ ಮೇಲಿಂದ ಬೀದಿಯನ್ನು ನೋಡಿದೆ. "ಅವನೆಲ್ಲಿ ಬಂದ? ಅವನ ಕೋಟು ಇತ್ತಲ್ಲ!" ಎಂದರು, ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ನೀನು ಹೇಗಿದ್ದೀಯ? ಮೊದಲು ಕೇಳಬೇಕಾದದ್ದು ಇದು, ಆದರೆ ನನ್ನ ತಲೆ ಸರಿಯಿಲ್ಲ. ಕೆಮ್ಮು ಕಡಿಮೆಯಾಯಿತೇ? ಹವಾಮಾನ ಕೇಂದ್ರದ ಒಲೆಯನ್ನು ರಿಪೇರಿ ಮಾಡಲು ಯಾರಾದರೂ ಬಂದರೇ, ಅಥವಾ ಇನ್ನೂ ಅದರ ಮೇಲೆ ಪುಸ್ತಕ ಜೋಡಿಸಿಕೊಂಡು ಕೂತಿದ್ದೀಯಾ? ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಭಾವ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಳ್ಳೇದೇ ಆಯ್ತು ಬಿಡೇ, ಈ ಅಧ್ಯಕ್ಷರು ಭಾಷಣ ಮಾಡಲ್ಲ" ಎಂದರು. ಅವರಿಗೆ ನಗು. ಲೆಕ್ಕ ಒಪ್ಪಿಸಬೇಕಾದ ಖಜಾಂಚಿ ನಾನು ತಾನೇ. ನಿನ್ನ ದ್ವೀಪಕ್ಕೆ ಫೋನ್ ಹತ್ತುವುದಿಲ್ಲ, ರೇಡಿಯೋದಲ್ಲಿ ಮನೆ ವಿಷಯ ಮಾತಾಡಿದರೆ ನಿನ್ನ ಮೇಲಿನವರು ಸಿಡುಕುತ್ತಾರೆ. ಹಾಗಾಗಿ ಬುಧವಾರದ ದೋಣಿಗೆ ಸಿಗುವಂತೆ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದು. ಹೋದ ಸಲ ಬರೆದದ್ದನ್ನು ನೀನು ಮೊದಲ ಪುಟಕ್ಕೇ ನಿಲ್ಲಿಸಿದ್ದೆ ಎಂಬುದು ನಿನ್ನ ಉತ್ತರದಿಂದಲೇ ಗೊತ್ತಾಯಿತು.

ಈ ಕೋಟಿನ ಪದ್ಧತಿ ಹೇಗೆ ಹುಟ್ಟಿತು ಎಂಬುದು ನಿನಗೆ ನೆನಪಿರಬೇಕು. ಅಪ್ಪ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ವೃದ್ಧರ ಮನೆ ಶುರು ಮಾಡಿದಾಗಲೇ ನಿಯಮ ಬರೆಸಿದ್ದರು. ಐವರು ಟ್ರಸ್ಟಿಗಳು, ಅದರಲ್ಲಿ ಇಬ್ಬರು ನಮ್ಮ ಕುಟುಂಬದವರು, ಉಳಿದ ಮೂವರು ಹೆಡ್ಮಾಸ್ಟರ್, ವಕೀಲರು, ಮಾತ್ರೆ ಮಾಮ. ಐವರಲ್ಲಿ ನಾಲ್ವರಾದರೂ ಕೂತಿದ್ದರೆ ಮಾತ್ರ ಸಭೆ. ಕೊನೆಯ ವರ್ಷ ಅಪ್ಪನಿಗೆ ಏಳಲು ಆಗದಿದ್ದಾಗ ಸಭೆಯನ್ನು ಅವರ ಮಲಗುವ ಕೋಣೆಯ ಪಕ್ಕಕ್ಕೇ ತಂದರು. ನಡುವಿನ ಬಾಗಿಲು ತೆರೆದಿಟ್ಟು, ಅವರ ಕುರ್ಚಿಗೆ ಅವರದೇ ಕೋಟು ಹಾಕುತ್ತಿದ್ದರು. ಕೋಟು ಬರೀ ಮರ್ಯಾದೆಗೆ. ಮಾತೆಲ್ಲ ಒಳಗಿನಿಂದಲೇ ಬರುತ್ತಿತ್ತು. "ಬೇಡ ಅಂದ್ನಲ್ಲ! ಕಿವಿ ಕೇಳ್ಸಲ್ವಾ ನಿಮ್ಗೆ?" ಎಂದು ಅಪ್ಪ ಹಾಸಿಗೆಯಿಂದ ಕೂಗಿದರೆ ಹೆಡ್ಮಾಸ್ಟರ್ ಕೈಯಲ್ಲಿದ್ದ ಚಹಾ ತುಳುಕುತ್ತಿತ್ತು. ಆ ಕೋಟನ್ನು ಹಾಜರಿ ಎಂದು ಬರೆದುಕೊಂಡದ್ದರಲ್ಲಿ ತಪ್ಪಿರಲಿಲ್ಲ.

ಆಮೇಲೆ ನೀನು ದ್ವೀಪಕ್ಕೆ ಹೊರಟೆ. ಇಲಾಖೆಯವರು ದಪ್ಪ ಜಾಕೀಟು ಕೊಟ್ಟರು ಎಂದು ಅಪ್ಪ ಹೊಲಿದ ಈ ಕಂದು ಕೋಟನ್ನು ಸಭೆಯ ಕೋಣೆಯಲ್ಲೇ ಬಿಟ್ಟು, "ಅಪ್ಪನ ಕೋಟಿಗಿದ್ದ ಮರ್ಯಾದೆ ನನ್ನದಕ್ಕೂ ಇರ್ಲಿ" ಎಂದು ನಗಾಡಿ ಹೋದೆ. ನೀನು ನಗಾಡಿದ್ದು. ವಕೀಲರು ಅದನ್ನು ನಡಾವಳಿಯಲ್ಲಿ ಬರೆದುಕೊಂಡರು. ಅದರ ಮೇಲೆ ನಿನ್ನ ಆ ಕಾರ್ಡು ಬೇರೆ: "ನೋಡೋಣ, ಎಲ್ಲರಿಗೂ ಒಪ್ಪಿಗೆಯಾದರೆ ನನಗೂ ಒಪ್ಪಿಗೆ." ಅದನ್ನು ಕೋಟಿನ ಎದೆಯ ಜೇಬಿನಲ್ಲಿಟ್ಟಿದ್ದಾರೆ, ಗುರುತಿನ ಚೀಟಿಯ ಹಾಗೆ. ಗೋಡೆಗೆ ಬಣ್ಣ, ಹೊಸ ಬಕೆಟ್ಟು, ನೀರಿನ ಮೋಟಾರು, ಎಲ್ಲದಕ್ಕೂ ನಿನ್ನ ಕೋಟು ಒಪ್ಪಿದೆ. ನಾನು ಪ್ರತಿ ಸಲ ತಕರಾರು ಎತ್ತಿದ್ದೇನೆ. ವಕೀಲರು ಪ್ರತಿ ಸಲ ಅದನ್ನು ಚಾಚೂ ತಪ್ಪದೆ ಬರೆದುಕೊಂಡಿದ್ದಾರೆ: "ಖಜಾಂಚಿಯವರು ಆಕ್ಷೇಪಿಸಿದರು. ಸದರಿ ಸದಸ್ಯರು ಮೌನವಾಗಿದ್ದರು." ಸದರಿ ಸದಸ್ಯರು ಎಂದರೆ ಕೋಟು.

ನಿನ್ನೆ ನಾನು ಸಭೆಯಲ್ಲಿ ಇರಲಿಲ್ಲ. ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವೃದ್ಧರ ಮನೆಯ ಲಿಫ್ಟು ಕೆಟ್ಟು ತಿಂಗಳುಗಳಾದವು. ಅವರನ್ನು ಮೇಲಿನ ಮಹಡಿಯಿಂದ ಕುರ್ಚಿ ಸಮೇತ ಇಬ್ಬರು ಇಳಿಸಿದರು. ಇಳಿಯುವಷ್ಟು ಹೊತ್ತೂ "ನಮ್ಮಣ್ಣ, ನಿಮ್ಮಪ್ಪ, ಇದ್ದಿದ್ರೆ ಅವನಿಗೆ ಹೇಳಿ ನಿಮ್ಮನ್ನೆಲ್ಲ ಈ ಮೆಟ್ಟಿಲು ಹತ್ತಿಸಿ ಇಳಿಸ್ತಿದ್ದೆ" ಎಂದು ನನ್ನನ್ನು ಬೈದರು, ನಾನೇ ಲಿಫ್ಟು ಕೆಡಿಸಿದ ಹಾಗೆ. ಬರಲಾಗುವುದಿಲ್ಲ, ಸಭೆ ಮುಂದೂಡಿ ಎಂದು ಶುಕ್ರವಾರವೇ ಸಭೆಯ ಕೋಣೆಗೆ ಹೋಗಿ ವಕೀಲರಿಗೆ ಹೇಳಿ ಬಂದಿದ್ದೆ. ಬರುವಾಗ ಛತ್ರಿ ಅಲ್ಲೇ ಮರೆತೆ. ಅಷ್ಟೇ ನಾನು ಮಾಡಿದ್ದು. ನಿನ್ನೆ ಅವರು ಮೂವರೂ, ಹೆಡ್ಮಾಸ್ಟರ್, ವಕೀಲರು, ಮಾತ್ರೆ ಮಾಮ, ಬಂದು ಕೂತರು. ಮೂವರಿಗೆ ಸಭೆಯಾಗುವುದಿಲ್ಲ. ನಿನ್ನ ಕುರ್ಚಿಯಲ್ಲಿ ಕೋಟಿತ್ತು, ನಾಲ್ಕಾಯಿತು. ನನ್ನ ಕುರ್ಚಿಗೆ ಛತ್ರಿ ಒರಗಿತ್ತು, ಐದಾಯಿತು. "ನಿನ್ನ ಛತ್ರಿ ಇತ್ತಲ್ಲಮ್ಮಾ, ನೀನೇ ಬೇಕು ಅಂತ ಇಟ್ಟು ಹೋಗಿದ್ದೀಯ ಅಂದ್ಕೊಂಡ್ವಿ" ಎಂದರು ಮಾಮ. ನಡಾವಳಿಯಲ್ಲಿ "ಐವರೂ ಹಾಜರಿ, ತೀರ್ಮಾನ ಸರ್ವಾನುಮತದ್ದು" ಎಂದಿದೆ. ತಮ್ಮಾ, ನನ್ನ ಛತ್ರಿ ನನಗೇ ವಿರುದ್ಧವಾಗಿ ಮತ ಹಾಕಿದೆ.

ಬರೀ ಅಧ್ಯಕ್ಷಗಿರಿಯ ವಿಷಯವಾಗಿದ್ದರೆ ನಾನೂ ನಿನ್ನ ಭಾವನ ಜೊತೆ ನಗುತ್ತಿದ್ದೆ. ಇಷ್ಟು ದಿನ ಅಧ್ಯಕ್ಷರಾಗಿದ್ದ ಹೆಡ್ಮಾಸ್ಟರಿಗೆ ಮಂಡಿ ನೋವು, ಇನ್ನು ಬೇಡವೆಂದರು. ಸಹಿಯ ಹೊಣೆ ವಕೀಲರಿಗೆ ಬೇಡ, ಮಾಮನಿಗೆ ಭಯ. ಬೇಡ ಎನ್ನದೆ ಉಳಿದದ್ದು ಕೋಟು ಒಂದೇ. ಆದರೆ ಅದೇ ಸಭೆಯಲ್ಲಿ, ಅದೇ ಸರ್ವಾನುಮತದಲ್ಲಿ, ಟೈಲ್ಸ್ ವ್ಯಾಪಾರಿಯ ಸಭಾಂಗಣಕ್ಕೂ ಒಪ್ಪಿಗೆ ಕೊಟ್ಟಿದ್ದಾರೆ. ಆತನಿಗೆ ತನ್ನ ತಾಯಿಯ ಹೆಸರಿನಲ್ಲಿ ಒಂದು ಸಭಾಂಗಣ ಆಗಬೇಕು. ಖರ್ಚು ಆತನದು ಅರ್ಧ, ನಮ್ಮದು ಅರ್ಧ. ಆತನ ಅರ್ಧ ಟೈಲ್ಸ್ ರೂಪದಲ್ಲಿ ಬರುತ್ತದೆ, ನಮ್ಮ ಅರ್ಧ ಹಣದ ರೂಪದಲ್ಲಿ ಹೋಗುತ್ತದೆ. ಯಾವ ಹಣ? ಬಿಡಿಗಾಸು ದಾನ ಬರದಿದ್ದರೂ ಆರು ತಿಂಗಳು ಆ ಮನೆಯಲ್ಲಿ ಒಲೆ ಉರಿಯಬೇಕು ಎಂದು ಅಪ್ಪ ಕೂಡಿಟ್ಟದ್ದು. ಕಟ್ಟುವುದು ಎಲ್ಲಿ? ಬೆಳಿಗ್ಗೆ ಬಿಸಿಲು ಬೀಳುವ ಅಂಗಳದಲ್ಲಿ. ಅಲ್ಲಿ ಈಗ ಕುರ್ಚಿ ಹಾಕಿಕೊಂಡು ಕೂರುವವರು ಇನ್ನು ಮುಂದೆ ಒಳಗೆ ಕೂತು ಭಾಷಣ ಕೇಳಬಹುದು ಎಂದು ಹೆಡ್ಮಾಸ್ಟರ್ ಹೇಳಿದರಂತೆ. ಆ ಮನುಷ್ಯ ಕೆಟ್ಟವರಲ್ಲ. ಒಂದು ಉದ್ಘಾಟನೆಯ ಕಲ್ಲಿನಲ್ಲಿ ತಮ್ಮ ಹೆಸರು ನೋಡಿ ನಿವೃತ್ತರಾಗುವ ಆಸೆ, ಅಷ್ಟೇ.

ಇನ್ನೂ ಇದೆ. ಕಾಯ್ದಿಟ್ಟ ಹಣ ಹೋದ ಮೇಲೆ ಖರ್ಚು ಹಿಡಿಯಬೇಕಲ್ಲ? ಅದಕ್ಕೆ ರಾತ್ರಿ ಪಾಳಿಯ ಇಬ್ಬರು ಹೆಂಗಸರನ್ನು ಈ ತಿಂಗಳ ಕೊನೆಗೆ ಬಿಡಿಸಿ, ಪ್ರತಿ ಮಂಚದ ತಲೆದೆಸೆಯ ಗೋಡೆಗೆ ಒಂದೊಂದು ಕರೆಗಂಟೆ ಹಾಕಿಸುವುದಂತೆ. ಗಂಟೆ ಬಾರಿಸಿದರೆ ಗೇಟಿನ ಕಾವಲುಗಾರ ಬರುತ್ತಾನಂತೆ. ಅತ್ತೆಯ ಭುಜದ ವಿಷಯ ನಿನಗೆ ಗೊತ್ತು. ರಾತ್ರಿ ಮಗ್ಗುಲು ಬದಲಾಯಿಸಬೇಕಾದರೆ ಆ ಹೆಂಗಸರಲ್ಲಿ ಒಬ್ಬರು ಬಂದು ಹೊರಳಿಸಬೇಕು. ಇಲ್ಲದಿದ್ದರೆ ಬೆಳಗಾಗುವವರೆಗೆ ಒಂದೇ ಮಗ್ಗುಲು. ಹಿಂದೆ ಒಮ್ಮೆ ಹಾಗೆ ಮಲಗಿಯೇ ಬೆನ್ನಿಗೆ ಹುಣ್ಣಾಗಿ ಅವರು ಪಟ್ಟ ಪಾಡು ನೀನೂ ನೋಡಿದ್ದೀಯ. ನಾನು ಗಂಟೆಯ ವಿಷಯ ಹೇಳಿದಾಗ ಅತ್ತೆ, "ಗಂಟೆ ಒತ್ತೋಕೆ ಕೈ ಎತ್ಬೇಕಲ್ವೇನೇ? ಕೈ ಎತ್ತೋಕಾಗಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದರು. ಆಮೇಲೆ ನಿನ್ನ ಕೋಟಿನ ಸುದ್ದಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನಿಮ್ಮಪ್ಪನ ಕೋಟಿಗೆ ಬಾಯಿತ್ತು ಕಣೇ, ಒಳಗಿಂದ ಬೈತಿತ್ತು. ಪುಟ್ಟನ ಕೋಟಿಗೆ ಏನಿದೆ?" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಇವತ್ತು ಬೆಳಿಗ್ಗೆ ವಕೀಲರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಜಗಳ ಮಾಡಿದೆ. ಅವರು ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ವಾದ ಮಾಡಿದರು. "ಇಷ್ಟು ದಿನ ಇಲ್ಲದ ತಕರಾರು ಈಗ್ಯಾಕಮ್ಮಾ?" ಇಷ್ಟು ದಿನವೂ ಇತ್ತು, ನೀವೇ ಬರೆದುಕೊಂಡಿದ್ದೀರಿ ಎಂದೆ. "ಮೌನಂ ಅಂದ್ರೆ ಸಮ್ಮತಿ ತಾನೇ?" ಹಾಗಾದರೆ ಆ ಕೋಣೆಯ ಕಪಾಟಿಗೂ ಸಮ್ಮತಿಯಿದೆ, ಅದನ್ನೂ ಟ್ರಸ್ಟಿ ಮಾಡಿ ಎಂದೆ. ಒಳಗಿನಿಂದ ಅವರ ಹೆಂಡತಿ ಜೋರಾಗಿ ನಕ್ಕದ್ದು ನನಗೆ ಸಹಾಯವಾಯಿತು. ಕೊನೆಗೆ ಚೆಕ್ಕಿನ ಮಾತೆತ್ತಿದೆ. ಸಂಬಳದ ಚೆಕ್ಕಿಗೆ, ಹಾಲಿನವನ ಚೆಕ್ಕಿಗೆ, ಅಧ್ಯಕ್ಷರ ಮತ್ತು ನನ್ನ, ಇಬ್ಬರ ಸಹಿಯೂ ಬೇಕು. ಕೋಟು ಸಹಿ ಹಾಕುತ್ತದೆಯೇ? ಅದಕ್ಕವರು "ಸದ್ಯಕ್ಕೆ ಹಳೇ ಅಧ್ಯಕ್ಷರೇ ಹಾಕ್ಲಿ" ಎಂದರು. ಹೆಡ್ಮಾಸ್ಟರನ್ನು ಕೇಳಿದರೆ "ನಾನು ಬಿಟ್ಟಾಯ್ತಮ್ಮಾ, ಹೊಸಬರನ್ನ ಕೇಳು" ಎಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತರು. ಹೊಸಬರು ಮೊಳೆಗೆ ನೇತಾಡುತ್ತಿದ್ದಾರೆ. ಅಷ್ಟು ಗಲಾಟೆಯ ಮೇಲೆ ವಕೀಲರು ಒಂದು ಮಾತಿಗೆ ಒಪ್ಪಿದರು: ಬರುವ ಶನಿವಾರ ಮತ್ತೆ ಸಭೆ, ನಿನ್ನೆಯ ತೀರ್ಮಾನಗಳೆಲ್ಲ ಮತ್ತೆ ಮತಕ್ಕೆ, ಈ ಸಲ ಉಸಿರಾಡುವವರನ್ನು ಮಾತ್ರ ಎಣಿಸುವುದು. ಸದ್ಯ, ಟೈಲ್ಸಿನವನಿಗೆ ಇನ್ನೂ ಹಣ ಕೊಟ್ಟಿಲ್ಲ, ಕೊಡಲು ಸಹಿಯೇ ಇಲ್ಲವಲ್ಲ. ನಿನ್ನ ಕೋಟಿನಿಂದ ಆದ ಉಪಕಾರ ಅದೊಂದೇ.

ನಾಳೆ ಗಾಳಿ ಯಾವ ಕಡೆಗೆ ಎಂದು ಊರಿಗೆಲ್ಲ ಹೇಳುವ ನಿನಗೆ, ನಿನ್ನ ಮತ ಯಾವ ಕಡೆಗೆ ಎಂದು ನಿನ್ನ ಅಕ್ಕನಿಗೆ ಹೇಳುವುದು ಯಾಕಿಷ್ಟು ಕಷ್ಟ? ನಿನಗೆ ಜಗಳ ಆಗುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಮನೆಯಲ್ಲಿ ದನಿ ಏರಿದರೆ ಮಹಡಿಗೆ ಹೋಗಿ ಮೋಡ ನೋಡುತ್ತಿದ್ದೆ, ಅದಕ್ಕೇ ಈಗ ಸಂಬಳವೂ ಬರುತ್ತಿದೆ. ಆದರೆ ನೀನು ಬೇಡವೆನ್ನದೆ ಬಿಟ್ಟದ್ದನ್ನೆಲ್ಲ ಇಲ್ಲಿ ಬೇಕು ಎಂದು ಬರೆದುಕೊಳ್ಳುತ್ತಾರೆ, ಅದರ ಪೆಟ್ಟು ಅತ್ತೆಯ ಬೆನ್ನಿಗೆ ಬೀಳುತ್ತದೆ. ಆದ್ದರಿಂದ "ನೋಡೋಣ" ಎಂದು ಮಾತ್ರ ಬರೆಯಬೇಡ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮಿಗೆ ಮಾಮ ಕೊಟ್ಟ ಔಷಧಿಯನ್ನು ಜೊತೆಗೆ ಕಳಿಸಿದ್ದೇನೆ. ದುಡ್ಡು ತೆಗೆದುಕೊಳ್ಳಲಿಲ್ಲ, "ಅಧ್ಯಕ್ಷರಿಗೆ" ಎಂದರು. ನಿನ್ನ ಭಾವ ಕೇಳಿದೆನೆಂದು ಹೇಳಲು ಹೇಳಿದ್ದಾರೆ. ಎಷ್ಟು ಸಿಟ್ಟಿದ್ದರೂ ನನ್ನ ಆಶೀರ್ವಾದ ನಿನಗಿದ್ದೇ ಇದೆ.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅತ್ತೆ ಫೋನ್ ಮಾಡಿಸಿದರು. ನಿನ್ನ ಜಾಗ ತಮಗೆ ಬೇಕಂತೆ. ನಿಯಮದಲ್ಲಿ ಕುಟುಂಬದ ಇಬ್ಬರು ಎಂದಿದೆ, ಒಬ್ಬರು ಬಿಟ್ಟರೆ ಕುಟುಂಬದವರೇ ಇನ್ನೊಬ್ಬರನ್ನು ಹೆಸರಿಸಬಹುದು. ಅಲ್ಲಿ ವಾಸ ಇರುವವರು ಆಗಬಾರದು ಎಂದು ಎಲ್ಲೂ ಇಲ್ಲ. ವಕೀಲರನ್ನೇ ಕೇಳಿದೆ, "ಕೋಟೇ ಆಗಿದೆಯಲ್ಲ, ಇನ್ನು ಅವರು ಆದ್ರೇನು" ಎಂದರು. ಮತ ಹಾಕಲು ಕೈ ಎತ್ತಬೇಕಲ್ಲ ಅತ್ತೆ ಎಂದೆ. "ಬಾಯಿದೆಯಲ್ಲೇ" ಎಂದರು. ಮೊದಲು ಮಾತಾಡಿದವರ ಕಡೆಗೆ ಮಾತ್ರೆ ಮಾಮ ತಲೆಯಾಡಿಸುತ್ತಾರೆ, ಮೊದಲು ಮಾತಾಡುವವರು ಅತ್ತೆಯೇ ಆಗಿರುತ್ತಾರೆ. ನಿನ್ನ ರಾಜೀನಾಮೆ ಬರೆದು ಇದರ ಜೊತೆ ಇಟ್ಟಿದ್ದೇನೆ. ದೋಣಿಯವನು ಸಾಮಾನು ಇಳಿಸುವಷ್ಟು ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಸಹಿ ಹಾಕಿ ಅವನ ಕೈಗೆ ಕೊಡು, ಇಲ್ಲವೇ ನೀನೇ ದೋಣಿ ಹತ್ತು. ಬಂದರೆ ಅತ್ತೆಗೂ ನನಗೂ ಅದೇ ಹೆಚ್ಚು ಸಂತೋಷ. ಕೋಟನ್ನು ಹುಡುಕಬೇಡ, ಸಾಯಂಕಾಲ ಅದನ್ನು ಮೊಳೆಯಿಂದ ತೆಗೆದು ಅತ್ತೆಗೆ ತೊಡಿಸಿ ಬಂದೆ, ಭುಜಕ್ಕೆ ಬೆಚ್ಚಗಿದೆಯಂತೆ. ಲಿಫ್ಟು ಕೆಟ್ಟಿರುವುದರಿಂದ ಸಭೆ ಮೇಲಿನ ಮಹಡಿಯಲ್ಲಿ, ಅತ್ತೆಯ ಕೋಣೆಯಲ್ಲಿ. ಶನಿವಾರ, ೧೪ನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ.